ನಾಲ್ಕು ಗಂಟೆಯ ಫೋನು: ಲಾಕ್‌ಡೌನಿನಲ್ಲಿ ಬಸುರಿ, ಬಾಣಂತಿಯರ ಜೊತೆ ನನ್ನ ಅನುಭವ

ಬರೀ ಫೋನಿನಲ್ಲಿ ಮಾತಾಡಿದರೆ ಬಾಣಂತಿಯ ಬೇಸರ ಹೋಗುತ್ತದಾ ಅಂತ ನನ್ನನ್ನು ಕೇಳದವರಿಲ್ಲ. ಹೋಯಿತು. ಪೂರ್ತಿ ಅಲ್ಲ, ರಾತ್ರಿ ನಿದ್ದೆ ಬರುವಷ್ಟು ಹೋಯಿತು.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯ ಆಶಾ ಕಾರ್ಯಕರ್ತೆ. 2020ರ ಮಾರ್ಚ್‌ನಲ್ಲಿ ನನ್ನ ಲೆಕ್ಕದಲ್ಲಿದ್ದವರು ಹದಿನೈದೋ ಹದಿನಾರೋ ಮಂದಿ. ಅರ್ಧದಷ್ಟು ಜನರ ತವರು ಗಡಿಯಾಚೆ ಕರ್ನಾಟಕದ ವಿಟ್ಲ, ಪುತ್ತೂರು ಕಡೆ. ಗಡಿಯ ದಾರಿಗಳೆಲ್ಲ ಮುಚ್ಚಿದವು. ಮಂಗಳೂರಿನ ದಾರಿಯ ತಲಪಾಡಿ ಗಡಿಯಲ್ಲಿ ಆಂಬುಲೆನ್ಸ್ ತಡೆದರು ಅಂತ ಸುದ್ದಿ ಬಂದ ದಿನ, ಮಂಗಳೂರಿನಲ್ಲೇ ಹೆರಿಗೆ ಅಂತ ನಂಬಿ ಕೂತವರು ಒಬ್ಬೊಬ್ಬರಾಗಿ ನನಗೆ ಫೋನ್ ಮಾಡಿ ಅತ್ತರು.

ಮೊದಲು ವಾಟ್ಸಾಪ್ ಗ್ರೂಪ್ ಮಾಡಿದೆ. ದೊಡ್ಡ ತಪ್ಪು. ಮೂರೇ ದಿನದಲ್ಲಿ ಸಾವಿನ ಸುದ್ದಿ, ಕಷಾಯದ ಫಾರ್ವರ್ಡ್ ತುಂಬಿತು. ಏಳು ತಿಂಗಳಾದ ಒಬ್ಬಳು ಅದನ್ನೇ ರಾತ್ರಿಯಿಡೀ ಓದುತ್ತಿದ್ದಳು. ಗ್ರೂಪ್ ಮುಚ್ಚಿದೆ. ಆಮೇಲೆ ಉಸಿರಾಟದ ವ್ಯಾಯಾಮದ ವೀಡಿಯೋ ಕಳಿಸಿದೆ. ನಮ್ಮ ಗುಡ್ಡದಲ್ಲಿ ರೇಂಜ್ ಎಲ್ಲಿದೆ? ಯಾರೂ ನೋಡಲಿಲ್ಲ.

ಕೊನೆಗೆ ಹಿಡಿದದ್ದು ಇದು. ಒಬ್ಬೊಬ್ಬರಿಗೂ ಎರಡು ದಿನಕ್ಕೊಮ್ಮೆ, ಸಂಜೆ ನಾಲ್ಕಕ್ಕೆ ಶುರು, ಹತ್ತು ನಿಮಿಷ. ಹೊತ್ತು ತಪ್ಪಿಸಬಾರದು, ಅವರು ಕಾಯುತ್ತಾರೆ. "ಹೇಗಿದ್ದೀ" ಅಂತ ಕೇಳಬೇಡಿ, "ಹುಷಾರಿದ್ದೇನೆ ಅಕ್ಕ" ಅಂತಲೇ ಬರುತ್ತದೆ. "ಮಗು ಮಲಗಿದಾಗ ನಿನಗೂ ನಿದ್ದೆ ಬರುತ್ತದಾ?" ಅಂತ ಕೇಳಿ. ಇಲ್ಲ ಅಂದರೆ ಅಲ್ಲೇ ನಿಲ್ಲಬೇಕು. ಅತ್ತೆ ಹತ್ತಿರ ಇದ್ದರೆ ಗೊತ್ತಾಗಲು ನಮ್ಮೊಳಗೆ ಒಂದು ಮಾತಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ, ಇನ್ನೂ ಬಳಸುತ್ತಿದ್ದೇನೆ.

ಎರಡನೇ ಉಪಾಯ ಜೋಡಿ. ಈಗಾಗಲೇ ಹೆತ್ತವಳನ್ನು ಮೊದಲ ಬಸುರಿಯ ಜೊತೆ ಸೇರಿಸಿದೆ. ನಾನು ಹತ್ತು ಸಲ ಹೇಳಿದ್ದಕ್ಕಿಂತ ಅವಳು ಒಂದು ಸಲ ಹೇಳಿದ್ದು ಜಾಸ್ತಿ ನಾಟುತ್ತಿತ್ತು. ಮೂವರ ರೀಚಾರ್ಜ್ ನಾನೇ ಹಾಕಿದೆ, ತಿಂಗಳಿಗೆ ಒಬ್ಬರಿಗೆ ಇನ್ನೂರರ ಹತ್ತಿರ. ನಾಲ್ಕೈದು ತಿಂಗಳಲ್ಲಿ ಮೂರು ಸಾವಿರದ ಹತ್ತಿರ ಹೋಯಿತು. ನಮ್ಮ ದುಡ್ಡು ಕೈಗೆ ಬರುವುದೇ ತಡವಾಗುತ್ತಿದ್ದ ಕಾಲ, ಮನೆಯಲ್ಲಿ ಮಾತು ಕೇಳಬೇಕಾಯಿತು. ಮೇಲಿನವರೊಬ್ಬರು "ಇದೆಲ್ಲ ಹೊತ್ತು ಕಳೆಯುವ ಕೆಲಸ" ಅಂದರು.

ಒಂದು ಮನೆಯ ವಿಷಯ ಹೇಳಲೇಬೇಕು. ಬಾಣಂತನಕ್ಕೆ ಬರಬೇಕಿದ್ದ ಅಮ್ಮ ವಿಟ್ಲದಲ್ಲೇ ಉಳಿದರು, ಬೈಕಿನಲ್ಲಿ ಅರ್ಧ ಗಂಟೆಯ ದಾರಿ ಅಷ್ಟೇ. ಈ ಹುಡುಗಿ ಊಟ ಬಿಟ್ಟಳು. ಮಗುವನ್ನು ಮೀಯಿಸಲು ನಾನು ಅವಳ ಗಂಡನನ್ನು ಹಿಡಿದೆ. ಅಕ್ಕಿ ಡಬ್ಬಕ್ಕೆ ಫೋನ್ ಒರಗಿಸಿಟ್ಟು, ಅವನು ಕಾಲು ನೀಡಿ ಕೂತ, ಮೊಣಕಾಲಿನ ಮೇಲೆ ಮಗು. ಆ ಕಡೆಯಿಂದ ಅವನ ಅತ್ತೆ, ಅಂದರೆ ವಿಟ್ಲದ ಆ ಅಮ್ಮ, "ಕುತ್ತಿಗೆ ಹಿಡಿ, ನೀರು ಮೊಣಕೈಗೆ ಹಾಕಿ ನೋಡು" ಅಂತ ಹೇಳುತ್ತಿದ್ದರು. ಎಣ್ಣೆಯ ಕೈ ಜಾರುತ್ತದೆ ಅಂತ ಅವನ ಹಣೆಯೆಲ್ಲ ಬೆವರು. ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ಎಷ್ಟೋ ದಿನದ ಮೇಲೆ ನಕ್ಕಳು. ಆ ರಾತ್ರಿ ಗಂಜಿ ಉಂಡಳಂತೆ.

ಕೊರೋನಾ ಪಾಸಿಟಿವ್ ಬಂದ ಬಾಣಂತಿಯಿಂದ ಮಗುವನ್ನು ದೂರ ಇಟ್ಟ ಮನೆಯೂ ಇತ್ತು. ಎದೆ ಕಟ್ಟಿ, ಜ್ವರಕ್ಕಿಂತ ಆ ನೋವಿಗೇ ಅಳುತ್ತಿದ್ದಳು. ಮಾಸ್ಕ್ ಹಾಕಿ, ಸೋಪಿನಲ್ಲಿ ಕೈ ತೊಳೆದು ಹಾಲು ಕೊಡಬಹುದು ಅಂತ ಡಾಕ್ಟರ ಬಾಯಲ್ಲೇ ಹೇಳಿಸಿದೆ. 2021ರ ಜುಲೈಯಲ್ಲಿ ಬಸುರಿಯರಿಗೂ ಲಸಿಕೆ ಅಂತಾದಾಗ ಇದೇ ಜೋಡಿ ಕೆಲಸಕ್ಕೆ ಬಂತು. ಮೊದಲು ಹಾಕಿಸಿಕೊಂಡವಳೇ ಉಳಿದವರಿಗೆ ಫೋನ್ ಮಾಡಿದಳು.

ಎಲ್ಲವೂ ಫೋನಿಗೆ ಬಗ್ಗುವುದಿಲ್ಲ. ಒಬ್ಬಳು ಮೂರನೇ ವಾರ ದಾಟಿದರೂ "ಮಗು ನನ್ನದು ಅಂತ ಅನಿಸುವುದಿಲ್ಲ ಅಕ್ಕ" ಅಂದಳು. ಹೆರಿಗೆಯ ಮೊದಲ ದಿನಗಳ ಅಳು ಎರಡು ವಾರದೊಳಗೆ ಇಳಿಯಬೇಕು, ಇದು ಬೇರೆ. ಕೇರಳದ ಆರೋಗ್ಯ ಸಹಾಯವಾಣಿ ದಿಶಾದ 1056ಕ್ಕೆ ಅವಳ ಎದುರೇ ಫೋನ್ ಹಚ್ಚಿದೆ, ಆಮೇಲೆ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆ. ಮದ್ದು ತಗೊಂಡಳು, ಚೇತರಿಸಿಕೊಂಡಳು.

ಎರಡು ವರ್ಷದಲ್ಲಿ ಹತ್ತಿರ ಹತ್ತಿರ ನಲ್ವತ್ತು ಮಂದಿ. ಹೊತ್ತು ಕಳೆಯುವ ಕೆಲಸ ಅಂದವರೇ ಕೊನೆಗೆ ನನ್ನ ನೋಟ್‌ಬುಕ್ ಕೇಳಿ ಪಡೆದರು. ಅದರಲ್ಲಿ ಇಬ್ಬರ ಹೆಸರಿನ ಮುಂದೆ ಏನೂ ಬರೆದಿಲ್ಲ. ಗಡಿ ತೆರೆದ ಮೇಲೆ ತವರಿಗೆ ಹೋದರು, ನಂಬರ್ ಬದಲಾಯಿತು. ಹಳೇ ನಂಬರಿಗೆ ಈಗಲೂ ಆಗಾಗ ಹಚ್ಚಿ ನೋಡುತ್ತೇನೆ.