ಫೈರ್‌ವಾಲ್ ಅಲರ್ಟ್ ಬಂತಾ? ಮೊದಲು ಓದಿ ನೋಡಿ
ನಮ್ಮ ತುಮಕೂರು ಗ್ರೂಪಿನಲ್ಲಿ ಫೈರ್‌ವಾಲ್ (ಕಂಪ್ಯೂಟರಿಗೆ ನೆಟ್‌ನಿಂದ ಬಂದುಹೋಗುವ ಸಂಪರ್ಕಗಳನ್ನು ಕಾಯುವ ಕಾವಲುಗಾರ) ಕೊಡುವ ಅಲರ್ಟ್‌ನ ಸ್ಕ್ರೀನ್‌ಶಾಟ್ ಹಾಕಿ "ಹ್ಯಾಕ್ ಆಯ್ತಾ?" ಅಂತ ಕೇಳುವವರು ಜಾಸ್ತಿ. 'ಬ್ಲಾಕ್ಡ್' ಅಂತಿದ್ದರೆ ಸುಮ್ನೆ ಗಾಬರಿ ಬೇಡ, ಫೈರ್‌ವಾಲ್ ತನ್ನ ಕೆಲಸ ಮಾಡಿದೆ. ಬೀದಿಯಲ್ಲಿ ಹೋಗುವವರು ಗೇಟಿನ ಚಿಲಕ ಅಲ್ಲಾಡಿಸಿ ನೋಡಿದ ಹಾಗೆ, ಬಾಟ್‌ಗಳು, ಅಂದರೆ ತಾವಾಗಿಯೇ ಓಡುವ ಪ್ರೋಗ್ರಾಂಗಳು, ದಿನವಿಡೀ ಎಲ್ಲರ ಪೋರ್ಟ್‌ಗಳನ್ನೂ (ನೆಟ್ ಸಂಪರ್ಕ ಬರುವ, ನಂಬರ್ ಇರುವ ಬಾಗಿಲುಗಳು) ತಟ್ಟುತ್ತಿರುತ್ತವೆ.

ಅಲರ್ಟ್‌ನಲ್ಲಿರುವ ಐಪಿ ವಿಳಾಸ ನೋಡಿ, ಸಂಪರ್ಕ ಯಾವ ಸಾಧನದಿಂದ ಬಂತು ಅಂತ ಹೇಳುವ ನಂಬರ್ ಅದು. 192.168 ಅಂತ ಶುರುವಾದರೆ ಅದು ನಿಮ್ಮ ಮನೆಯ ಪ್ರಿಂಟರೋ ಟಿವಿಯೋ ಇರಬಹುದು. ಹೊರಗಿನ ಐಪಿಯಿಂದ 3389ನೇ ಪೋರ್ಟ್‌ಗೆ ಬರುತ್ತಿದ್ದರೆ, ಆ ಪೋರ್ಟ್ ಬಳಸುವ ರಿಮೋಟ್ ಡೆಸ್ಕ್‌ಟಾಪ್ (ದೂರದಿಂದ ನಿಮ್ಮ ಕಂಪ್ಯೂಟರ್ ನಡೆಸುವ ಸೌಲಭ್ಯ) ಆಫ್ ಮಾಡಿ, ರೂಟರ್‌ನಲ್ಲಿ ಯಾರಾದರೂ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಸಂಪರ್ಕವನ್ನು ಮನೆಯೊಳಗಿನ ಕಂಪ್ಯೂಟರಿಗೆ ದಾಟಿಸುವ ಸೆಟ್ಟಿಂಗ್) ಹಾಕಿದ್ದಾರಾ ನೋಡಿ. ನೀವು ಹಾಕಿಕೊಳ್ಳದ ಪ್ರೋಗ್ರಾಂ ಅನುಮತಿ ಕೇಳಿದರೆ 'ಅಲೋ' ಒತ್ತಲೇಬೇಡಿ. ನನ್ನ ಪ್ರಕಾರ ನಿಜವಾಗಿ ಹೆದರಬೇಕಾದ್ದು ಇದಕ್ಕೇ.

ಇನ್ನು ಬ್ರೌಸರ್‌ನಲ್ಲಿ ಸೈರನ್ ಹೊಡೆದು ಫೋನ್ ನಂಬರ್ ತೋರಿಸುವುದು ಅಲರ್ಟೇ ಅಲ್ಲ, ಮೋಸ. ಫೋನ್ ಮಾಡಿ ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.