ಲಿಪೋಫ್ಯೂಸಿನ್‌ನ ಪ್ರೋಟೀನ್ ಕೊನೆಗೂ ಬ್ಲಾಟ್ ಮೇಲೆ ಬಂತು: ನನ್ನ ಅನುಭವ

ಲಿಪೋಫ್ಯೂಸಿನ್ ಅಂದರೆ ವಯಸ್ಸಾದ ಜೀವಕೋಶಗಳಲ್ಲಿ ಸೇರಿಕೊಳ್ಳುವ ಕಂದು ಪಿಗ್ಮೆಂಟ್. ಅದರಲ್ಲಿರುವ ಒಂದು ಪ್ರೋಟೀನ್ ಹುಡುಕಲು ಅದರ ಮೇಲೆ ಆಂಟಿಬಾಡಿ (ಬೇಕಾದ ಪ್ರೋಟೀನಿಗೆ ಅಂಟುವ ಅಣು) ಹಾಕ್ತೀನಿ ಅಂದಾಗ ಲ್ಯಾಬ್‌ನಲ್ಲಿ ಎಲ್ಲರದೂ ಒಂದೇ ಮಾತು: "ಅದು ತಾನೇ ಹೊಳೆಯುತ್ತೆ, ನೀನು ನೋಡೋದೇನು?" ಅವರ ಮಾತಲ್ಲಿ ಅರ್ಥವಿತ್ತು. ಆದರೂ ಸುಮಾರು ಒಂದೂವರೆ ವರ್ಷ ಹಿಡಿದ ಮೇಲೆ ಕೆಲಸ ಆಯಿತು.

ಮೊದಲ ಆರು ತಿಂಗಳು ಸೆಕ್ಷನ್‌ಗಳಲ್ಲೇ (ಅಂಗಾಂಶದ ತೆಳು ಸೀಳುಗಳಲ್ಲೇ) ಹೋಯಿತು. ಎರಡು ವರ್ಷದ ಇಲಿಯ ಹೃದಯ, ಹಸಿರು ಡೈ. ಚಿತ್ರ ಎಷ್ಟು ಚೆನ್ನಾಗಿ ಬಂತೆಂದರೆ ನಾನೇ ನಂಬಿಬಿಟ್ಟಿದ್ದೆ. ಸೆಕೆಂಡರಿ (ಡೈ ಹೊತ್ತ ಎರಡನೇ ಆಂಟಿಬಾಡಿ) ಮಾತ್ರ ಹಾಕಿದ ಸ್ಲೈಡ್ ನೋಡಿದೆ, ಅದೂ ಅಷ್ಟೇ ಹೊಳೆಯುತ್ತಿತ್ತು. ಏನೂ ಹಾಕದ ಸ್ಲೈಡ್ ಕೂಡ. ಹೊಳಪಿನ ಬದಲು ಕಂದು ಬಣ್ಣ ಕೊಡುವ ಡಿಎಬಿಗೆ ಹೋದರೆ ಅದರ ಕಂದು, ಪಿಗ್ಮೆಂಟ್‌ನ ಕಂದು ಎರಡೂ ಒಂದೇ ಬಣ್ಣ. ಸುಡಾನ್ ಬ್ಲ್ಯಾಕ್ ಎಂಬ ಕಪ್ಪು ಬಣ್ಣ ಹಸಿರನ್ನು ಚೆನ್ನಾಗಿ ಅಡಗಿಸಿತು, ಆದರೆ ಫಾರ್ ರೆಡ್‌ನಲ್ಲಿ (ಕಡುಗೆಂಪಿನಲ್ಲಿ) ಹೊಳೆಯುವ 647 ಡೈ ಬಳಸಿದಾಗ ಅದೇ ಅಲ್ಲಿ ಮಂಜು ಹಾಕಿತು. ಕೊನೆಗೆ ಆಂಟಿಬಾಡಿಗೆ ಮೊದಲೇ ಸ್ಲೈಡ್‌ಗಳನ್ನು ಕೋಲ್ಡ್ ರೂಮ್‌ನಲ್ಲಿ ಬಿಳಿ ಎಲ್‌ಇಡಿ ಕೆಳಗೆ ಎರಡು ದಿನ ಇಟ್ಟೆ. ಹೊಳಪು ಮುಕ್ಕಾಲು ಪಾಲು ಇಳಿಯಿತು. ಅಗ್ಗದ ಉಪಾಯ, ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ದುಡ್ಡು ಹೋಗಿದ್ದು ಆಂಟಿಬಾಡಿಗೆ. ಮೂರು ವಯಲ್ ಕೊಂಡೆ, ಒಂದೊಂದರ ಬೆಲೆಗೆ ಎರಡು ತಿಂಗಳ ಉಳಿದ ಕೆಮಿಕಲ್ಸ್ ಬರ್ತಿತ್ತು. ಆಂಟಿಬಾಡಿ ಅಂಟಬೇಕಾದ ಪ್ರೋಟೀನ್ ತುಣುಕನ್ನೇ (ಪೆಪ್ಟೈಡ್) ಹಾಕಿ ತಡೆದರೂ ಮೊದಲ ಎರಡರ ಸಿಗ್ನಲ್ ಹೋಗಲಿಲ್ಲ. ಅಂದರೆ ಅವು ಹಿಡಿದಿದ್ದು ಬೇರೆ ಏನನ್ನೋ. ಮೂರನೆಯದು ಪೆಪ್ಟೈಡ್ ಹಾಕಿದ ತಕ್ಷಣ ಪೂರ್ತಿ ಆರಿತು. ಈ ಪರೀಕ್ಷೆ ಮೊದಲ ವಾರವೇ ಮಾಡಿದ್ದರೆ ಅಷ್ಟೂ ದುಡ್ಡು ಉಳಿಯುತ್ತಿತ್ತು ಅಲ್ವಾ.

ನಾನು ಹುಡುಕುತ್ತಿದ್ದದ್ದು ಮೈಟೊಕಾಂಡ್ರಿಯಾದ ಎಟಿಪಿ ಸಿಂಥೇಸ್ (ಜೀವಕೋಶಕ್ಕೆ ಶಕ್ತಿ ತಯಾರಿಸುವ ಎಂಜೈಮ್) ಎಂಬುದರ ಒಂದು ಭಾಗ, ಸಬ್‌ಯೂನಿಟ್ ಸಿ. ಬ್ಯಾಟನ್ ರೋಗ (ಜೀವಕೋಶಗಳಲ್ಲಿ ಇಂಥದೇ ಪಿಗ್ಮೆಂಟ್ ತುಂಬುವ ಆನುವಂಶಿಕ ರೋಗ) ಇದ್ದ ಕುರಿಗಳ ಪಿಗ್ಮೆಂಟ್‌ನಲ್ಲಿ ಇದೇ ಮುಖ್ಯ ಪ್ರೋಟೀನ್ ಅಂತ 1989ರಲ್ಲೇ ಸೀಕ್ವೆನ್ಸ್ ಮಾಡಿ ತೋರಿಸಿದ್ದರು. ಸುಮ್ನೆ ವಯಸ್ಸಾದ ಹೃದಯದಲ್ಲೂ ಇದೆಯಾ ಎಂಬುದು ನನ್ನ ಪ್ರಶ್ನೆ.

ಬ್ಲಾಟ್‌ನಲ್ಲಿ (ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಗಾತ್ರದಂತೆ ಬೇರ್ಪಡಿಸಿ, ಮೆಂಬ್ರೇನ್‌ಗೆ ಟ್ರಾನ್ಸ್‌ಫರ್ ಮಾಡಿ, ಆಂಟಿಬಾಡಿಯಿಂದ ಹುಡುಕುವ ವಿಧಾನ) ನಾಲ್ಕು ತಿಂಗಳು ಖಾಲಿ ಮೆಂಬ್ರೇನ್ ನೋಡಿದೆ. ಸುಕ್ರೋಸ್ ಗ್ರೇಡಿಯಂಟ್‌ನಲ್ಲಿ (ಸಕ್ಕರೆ ದ್ರಾವಣದ ಪದರಗಳಲ್ಲಿ) ತಳಕ್ಕಿಳಿಸಿದ ಕಂದು ಪೆಲೆಟ್‌ಗೆ ಎಸ್‌ಡಿಎಸ್ ಎಂಬ ಡಿಟರ್ಜೆಂಟ್ ಹಾಕಿ ಕುದಿಸುತ್ತಿದ್ದೆ. ಎಲ್ಲವೂ ವೆಲ್‌ನಲ್ಲೇ (ಜೆಲ್‌ನ ಗುಳಿಯಲ್ಲೇ) ಕೂತುಬಿಡುತ್ತಿತ್ತು. ಇದು ಕೊಬ್ಬಿನಂಥ ಪ್ರೋಟೀನ್, ಕುದಿಸಿದರೆ ಗಂಟು ಕಟ್ಟುತ್ತದೆ. ಕ್ಲೋರೋಫಾರ್ಮ್-ಮೆಥನಾಲ್ 2:1ರಲ್ಲಿ ಎಳೆದು, ಒಣಗಿಸಿ, ಕುದಿಸದೆ, ಚಿಕ್ಕ ಪ್ರೋಟೀನ್‌ಗೆ ಹೊಂದುವ ಟ್ರೈಸಿನ್ ಜೆಲ್‌ಗೆ ಹಾಕಿದೆ. ಕರಗದೆ ಉಳಿದದ್ದಕ್ಕೆ 70% ಫಾರ್ಮಿಕ್ ಆಸಿಡ್. ಅದನ್ನು ಪೂರ್ತಿ ಒಣಗಿಸಲೇಬೇಕು. ಚೂರು ಉಳಿದರೂ ಸ್ಯಾಂಪಲ್ ಬಫರ್‌ನ ನೀಲಿ ನಿಮ್ಮ ಕಣ್ಣೆದುರೇ ಹಳದಿಯಾಗುತ್ತದೆ. ಹಾಗಾದರೆ ಲೋಡ್ ಮಾಡಬೇಡಿ.

ಇನ್ನೊಂದು ತಪ್ಪು ಟ್ರಾನ್ಸ್‌ಫರ್‌ನಲ್ಲಿ. ಈ ಪ್ರೋಟೀನ್ 75 ಅಮೈನೋ ಆಸಿಡ್ ಅಷ್ಟೇ, ಸುಮಾರು 8 ಕಿಲೋಡಾಲ್ಟನ್ ತೂಕ. ಜೆಲ್‌ನಲ್ಲಿ 3.5ರ ಹತ್ತಿರ ಓಡುತ್ತದೆ. 0.45 ಮೈಕ್ರಾನ್ ರಂಧ್ರದ ಮೆಂಬ್ರೇನ್ ದಾಟಿ ಆಚೆಗೇ ಹೋಗುತ್ತಿತ್ತು. 0.2 ಮೈಕ್ರಾನ್‌ನ ಪಿವಿಡಿಎಫ್ ಮೆಂಬ್ರೇನ್, ಕಡಿಮೆ ಹೊತ್ತು, ಆಮೇಲೆ ಪ್ರೋಟೀನನ್ನು ಹಿಡಿದಿಡಲು ಮೆಂಬ್ರೇನ್‌ಗೆ ಒಂದಿಷ್ಟು ಗ್ಲುಟರಾಲ್ಡಿಹೈಡ್. ಅಂದೇ ಬ್ಯಾಂಡ್ ಬಂತು. ಮುದಿ ಇಲಿಯ ಲೇನ್‌ನಲ್ಲಿ ಗಟ್ಟಿಯಾಗಿ, ಮೂರು ತಿಂಗಳಿನದರಲ್ಲಿ ನೆರಳಿನಷ್ಟು. ಐದಾರು ಸಲ ಮಾಡಿದೆ, ಪ್ರತಿ ಸಲ ಹಾಗೇ. "ಆಗಲ್ಲ" ಅಂದವರು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರು, ನನಗೆ ತುಂಬಾ ಖುಷಿಯಾಯಿತು.

ಪಕ್ಕದಲ್ಲಿ ಒಂದು ಪ್ರಯೋಗ ಮಾಡಿದೆ. ಇದು ಪೆಲೆಟ್‌ಗೆ ಅಂಟಿಕೊಂಡು ಬಂದ ಮೈಟೊಕಾಂಡ್ರಿಯಾ ಇರಬಹುದು ಎಂಬ ಅನುಮಾನ ನನಗೂ ಇತ್ತು. ಪೆಲೆಟ್‌ಗೆ ಪ್ರೋಟೀನ್ ಕತ್ತರಿಸುವ ಪ್ರೋಟಿನೇಸ್ ಕೆ ಎಂಜೈಮ್ ಹಾಕಿದೆ. ಹೊರಗೆ ಅಂಟಿದ ಮೈಟೊಕಾಂಡ್ರಿಯಾದ ಗುರುತಿನ ಪ್ರೋಟೀನ್ (ಮಾರ್ಕರ್) ಪೂರ್ತಿ ಮಾಯ, ಸಬ್‌ಯೂನಿಟ್ ಸಿ ಅರ್ಧಕ್ಕಿಂತ ಜಾಸ್ತಿ ಉಳಿಯಿತು, ಅಂದರೆ ಅದು ಪಿಗ್ಮೆಂಟ್ ಒಳಗೇ ಇದ್ದಂತೆ ಕಾಣುತ್ತದೆ. 4-ಎಚ್‌ಎನ್‌ಇ (ಕೊಬ್ಬು ಆಕ್ಸಿಡೀಕರಣಗೊಂಡಾಗ ಹುಟ್ಟಿ ಪ್ರೋಟೀನ್‌ಗಳಿಗೆ ಅಂಟುವ ವಸ್ತು) ಹಿಡಿಯುವ ಆಂಟಿಬಾಡಿಯನ್ನೂ ಹಾಕಿ ನೋಡಿದೆ. ಲೇನ್ ಉದ್ದಕ್ಕೂ ಮಸಿ ಬಳಿದಂತೆ ಬಂತು, ಅದನ್ನು ಅಲ್ಲಿಗೇ ಬಿಟ್ಟೆ.

ಗ್ರೇಡಿಯಂಟ್‌ಗೆ ಮೊದಲು ಹೋಮೋಜಿನೇಟ್‌ಗೆ (ಅರೆದ ಅಂಗಾಂಶಕ್ಕೆ) ನಾನು ಮಾಡುವ ಒಂದು ಕೆಲಸವಿದೆ, ಪೆಲೆಟ್ ಅದರಿಂದಲೇ ಅಷ್ಟು ಶುದ್ಧವಾಗಿ ಬರುವುದು. ಅದನ್ನು ಪೇಪರ್ ಆದ ಮೇಲೆ ಹೇಳ್ತೀನಿ. ಈಗ ಮುಂದಿನ ಪ್ರೋಟೀನ್ ಸ್ಯಾಪೋಸಿನ್ ಡಿ ಹುಡುಕಲು ಅದರ ಆಂಟಿಬಾಡಿ ತರಿಸಿದ್ದೇನೆ, ಪೆಪ್ಟೈಡ್ ಸಮೇತ.