ಬ್ಯಾಳಿ ಕುದಿಯೋ ನೀರು

ಧಾರವಾಡಕ್ಕೆ ನಾನು ಬಂದಿದ್ದು ತುಮಕೂರು ಕಡೆಯಿಂದ, ನೌಕರಿಗೆ. ಬಾಡಿಗೆ ಮನೆ ಹುಡುಕುವಾಗ ಸಾಧನಕೇರಿ, ಕೆಲಗೇರಿ, ನುಗ್ಗಿಕೇರಿ ಅಂತ ಹೆಸರು ಕೇಳಿದೆ. ನಮ್ಮ ಕಡೆ ಕೇರಿ ಅಂದರೆ ಬೀದಿ. ಎರಡು ವರ್ಷ ಹಾಗೇ ಅಂದುಕೊಂಡಿದ್ದೆ. ಹಾಲು ಹಾಕುವ ಯಜಮಾನರು ಒಂದಿನ ಜೋರಾಗಿ ನಕ್ಕರು. "ಓಣಿ ಅಲ್ರೀ ಸರ್, ಕೆರಿ. ನೀರಿನ ಕೆರಿ. ದಿನಾ ಅದರ ದಂಡಿ ಮ್ಯಾಲ ವಾಕಿಂಗ್ ಮಾಡ್ತೀರಲ್ಲಾ!" ಹೌದು. ಸಾಧನಕೇರಿ ಕೆರೆ, ಬೇಂದ್ರೆಯವರ ಮನೆ ಹತ್ತಿರವೇ ಇದೆ. ದಿನಾ ನೋಡುತ್ತಿದ್ದೆ, ಹೆಸರಿಗೆ ಜೋಡಿಸಿರಲಿಲ್ಲ.

ಆಮೇಲೆ ನನ್ನ ಭಾನುವಾರಗಳೆಲ್ಲ ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಹಳೇ ಬಾವಿ, ಕೆರೆ, ಹೊಂಡ ಹುಡುಕಿ ನಕಾಶೆ ಬರೆಯೋದಕ್ಕೇ ಹೋದವು.

ಶುರುವಿನಲ್ಲಿ ಕೇಳೋದೇ ತಪ್ಪಾಗಿತ್ತು. ಹುಬ್ಬಳ್ಳಿಯ ಉಣಕಲ್‌ನಲ್ಲಿ ಚಂದ್ರಮೌಳೇಶ್ವರ ಗುಡಿ ಇದೆ. ಚಾಲುಕ್ಯರ ಕಾಲದ್ದು, ನಾಲ್ಕು ದಿಕ್ಕಿಗೂ ಬಾಗಿಲು. ಸುತ್ತ ಮನೆಗಳು ಒತ್ತಿಕೊಂಡು ನಿಂತಿವೆ. ಕಟ್ಟೆ ಮೇಲಿದ್ದ ಅಜ್ಜರನ್ನ "ಇಲ್ಲಿನ ಇತಿಹಾಸ ಸ್ವಲ್ಪ ಹೇಳ್ತೀರಾ?" ಅಂದೆ. "ಬೋರ್ಡ್ ಐತಲ್ಲರಿ, ಓದ್ರಿ" ಅಂದರು. ಮಾತು ಮುಗೀತು. ಮೂರು ವಾರ ಇದೇ ಪಾಡು. ಕೊನೆಗೆ ಬಾಯಾರಿ ಒಂದು ಮನೇಲಿ ನೀರು ಕೇಳಿ, ಸುಮ್ನೆ ಮಾತಿಗೆ "ನಳ ಇಲ್ಲದಾಗ ನೀರು ಎಲ್ಲಿಂದ ತರ್ತಿದ್ರಿ?" ಅಂದೆ. ಒಂದು ಗಂಟೆ ಕೂರಿಸಿಕೊಂಡರು.

ಹಳೇ ಹುಬ್ಬಳ್ಳಿಯಲ್ಲಿ ಒಬ್ಬ ಅಜ್ಜಿ ನನ್ನನ್ನ ಬಾವಿ ಹತ್ತಿರವೇ ಕರೆದುಕೊಂಡು ಹೋದರು. ಮೇಲೆ ಕಬ್ಬಿಣದ ಜಾಳಿಗೆ, ಒಳಗೆ ಪ್ಲಾಸ್ಟಿಕ್ ಬಾಟಲಿ. ಆದರೆ ದಂಡೆಯ ಕಲ್ಲಿನ ಮೇಲೆ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರುಗಳಿದ್ದವು. ಎಣಿಸಿದೆ, ಹನ್ನೊಂದು. ಬೆರಳಿಟ್ಟರೆ ಅರ್ಧ ಬೆರಳು ಒಳಗೆ ಕೂರುತ್ತೆ, ನುಣ್ಣಗೆ, ಬೆಣ್ಣೆ ಹಚ್ಚಿದ ಹಾಗೆ. "ಗಡಗಡಿ ಆಮ್ಯಾಲ ಬಂತಪಾ. ಮೊದಲ ಹಿಂಗ ಬಗ್ಗಿ ಸೇದೋದು" ಅಂತ ಅಜ್ಜಿ ಬಗ್ಗಿಯೇ ತೋರಿಸಿದರು. ನನಗೆ ಎದೆ ಝಲ್ ಅಂತು.

ಅವರು ಹೇಳಿದ ಇನ್ನೊಂದು ಮಾತು ಯಾವ ಪುಸ್ತಕದಲ್ಲೂ ನಾನು ಓದಿರಲಿಲ್ಲ. ಈ ಬಾವಿ ನೀರಿಗೆ ಬ್ಯಾಳಿ ಕುದಿಯಲ್ಲ, ಸವಳು. ಬಟ್ಟೆಗೆ, ದನಕ್ಕೆ ಮಾತ್ರ. ಅಡುಗೆಗೆ ಎರಡು ಓಣಿ ದಾಟಿ ಸಿಹಿ ನೀರಿನ ಬಾವಿಗೆ ಹೋಗಬೇಕು. ಗಡಸು ನೀರಲ್ಲಿ ಬೇಳೆ ಬೇಗ ಬೇಯಲ್ಲ ಅನ್ನೋದು ನಮಗೂ ಗೊತ್ತು. ಆದರೆ ಅಜ್ಜಿ ತಲೆಯಲ್ಲಿ ಇಡೀ ಪೇಟೆ ಸಿಹಿ, ಸವಳು ಅಂತ ಎರಡು ಪಾಲಾಗಿತ್ತು. ಅವತ್ತಿಂದ ನನ್ನ ನಕಾಶೆಯಲ್ಲೂ ಎರಡು ಬಣ್ಣ.

ಯಾರನ್ನೂ ಇಸವಿ ಕೇಳಬೇಡಿ, ಹೆದರಿಕೊಳ್ಳುತ್ತಾರೆ. "ಮದುವೆಗೆ ಮೊದಲಾ, ದೊಡ್ಡ ಮಗ ಹುಟ್ಟಿದ ಮೇಲಾ?" ಅಂದರೆ ಸಲೀಸು. ಲೆಕ್ಕ ಆಮೇಲೆ ನಾವೇ ಹಾಕಿಕೊಳ್ಳಬಹುದು. ಮೂರು ಮನೆಯವರು ಒಂದೇ ಮಾತು ಹೇಳುವ ತನಕ ನಾನು ಪೆನ್ಸಿಲ್‌ನಲ್ಲೇ ಬರೆಯುತ್ತೇನೆ. ಫೋನ್ ರೆಕಾರ್ಡರ್ ತೆಗೆದರೆ ದನಿಯೇ ಬದಲಾಗುತ್ತೆ, ಹಾಗಾಗಿ ಬರೀ ನೋಟ್‌ಬುಕ್. ಜೋರು ಮಳೆಯ ಮರುದಿನ ಛತ್ರಿ ಹಿಡಿದು ಮತ್ತೆ ಅದೇ ಜಾಗಕ್ಕೆ ಹೋಗುತ್ತೇನೆ. ಹಳೇ ಹೊಂಡ ಎಲ್ಲಿತ್ತು ಅಂತ ನೀರೇ ನಿಂತು ತೋರಿಸಿದ್ದು ಉಂಟು.

ಇಷ್ಟೆಲ್ಲ ಸುತ್ತಿದ ಮೇಲೆ ಒಂದು ವಿಷಯಕ್ಕೆ ಈಗಲೂ ನಗು ಬರುತ್ತೆ. ನಮ್ಮ ನಳಕ್ಕೆ ಸವದತ್ತಿಯಿಂದ ಬರುವ ಮಲಪ್ರಭೆ, ಕೃಷ್ಣೆ ಸೇರಿ ಪೂರ್ವದ ಕಡಲಿಗೆ ಹೋಗಬೇಕಾದ ನೀರು. ಅದರಲ್ಲಿ ಪಾತ್ರೆ ತೊಳೆದು ಚೆಲ್ಲಿದರೆ ಎಷ್ಟೋ ಓಣಿಗಳಿಂದ ಅದು ಶಾಲ್ಮಲೆ, ಬೇಡ್ತಿ ಹಿಡಿದು ಪಶ್ಚಿಮಕ್ಕೆ, ಅರಬ್ಬಿ ಸಮುದ್ರಕ್ಕೆ ಹೊರಡುತ್ತೆ. ಮನೆಯಾಕೆಗೆ ಹೇಳಿದೆ. "ಹೋಗ್ಲಿ, ಪಾತ್ರೆ ಸ್ವಚ್ಛ ಆಯ್ತಲ್ವಾ" ಅಂದಳು.

2008ರಿಂದ ಅವಳಿ ನಗರದ ಕೆಲವು ವಾರ್ಡ್‌ಗಳಿಗೆ 24 ಗಂಟೆ ನೀರಿದೆ. ಉಳಿದ ಕಡೆ ಅಂಗಳದಲ್ಲಿ ಬ್ಯಾರೆಲ್ ಸಾಲು. ನೋಟ್‌ಬುಕ್ ಹಿಡಿದು ನೀರಿನ ಬಗ್ಗೆ ಕೇಳೋದರಿಂದ ನನ್ನನ್ನ ನೀರಿನ ಆಫೀಸಿನವನು ಅಂದುಕೊಳ್ಳುವವರೇ ಜಾಸ್ತಿ. ಬಾವಿ ತೋರಿಸಿದ ಅಜ್ಜಿಯೂ ಬಾಗಿಲ ತನಕ ಬಂದು ಕೇಳಿದರು: "ಎಲ್ಲಾ ಬರಕೊಂಡಿ, ಛಲೋ ಆತು. ಮತ್ತ ನಮ್ಮ ಓಣಿಗೆ ನಳ ಯಾವಾಗ ಬಿಡ್ತೀರಿ?"